ಎಡದಿಂದ ಏಳನೆಯದು

ಜುಲೈ ತಿಂಗಳ ನೆತ್ತಿ ಸುಡುವ ಬಿಸಿಲಲ್ಲಿ
ಕ್ರಿಸ್‌ಮಸ್ ಮಾಡಿದೆವು ನಾವು,
ವೇಲ್ಸಿನ ಗುಡ್ಡದಾಚೆ, ಪಾಳುಬಿದ್ದ ಸುಣ್ಣಕಲ್ಲಿನ ಗಣಿಯಲ್ಲಿ.
ಹಿಮವೆಂದರೆ ಕಾಗದದ ತರಿ. ಲಾರಿಯಲ್ಲಿ ಬಂತು
ಮೂಟೆ ಮೂಟೆ, ಗೊಬ್ಬರ ಬಂದ ಹಾಗೆ.
ಗಾಳಿ ತಿರುಗಿದಾಗ ಬೇಲಿಯಾಚೆಯ ಕುರಿಗಳ ಮೇಲೂ ಬಿತ್ತು.
ಅವು ಮೇಯುವುದು ನಿಲ್ಲಿಸಿ
ಒಂದರ ಮುಖ ಒಂದು ನೋಡಿಕೊಂಡವು.

ನಾನು ರಾಕ್ಷಸ. ಒಟ್ಟು ಹದಿನಾಲ್ಕು ಮಂದಿ ನಾವು,
ದಿನಕ್ಕೆ ನೂರಹತ್ತು ಪೌಂಡು, ಊಟ ಅವರದೇ.
ಸೂರ್ಯನಿಲ್ಲದ ಯಾವುದೋ ಗ್ರಹದಿಂದ ಇಳಿದು ಬಂದಿದ್ದೇವೆ
ಭೂಮಿಯ ಗಂಟೆಗಳನ್ನೆಲ್ಲ ಕದಿಯಲು:
ಚರ್ಚಿನ ಗಂಟೆ, ಶಾಲೆಯ ಗಂಟೆ, ಬೆಕ್ಕಿನ ಕೊರಳ ಗೆಜ್ಜೆ ಕೂಡ.
ಯಾತಕ್ಕೆ, ಎಂದು ಕೇಳಿದೆ.
"ಸದ್ದೇ ಅವರ ಅನ್ನ," ಎಂದ ಸಹಾಯಕ ನಿರ್ದೇಶಕ ಟ್ಯೂಡರ್,
ಕೈಲಿದ್ದ ಪಟ್ಟಿಯಿಂದ ತಲೆಯೆತ್ತದೆ.
"ನೀನು ಎಡದಿಂದ ಏಳನೆಯದು. ಕುಂಟಬೇಡ."

ಕುಂಟಬೇಡವಂತೆ!
ಹನ್ನೊಂದನೆಯ ವಯಸ್ಸಿನಲ್ಲಿ ಸೈಕಲ್ಲಿನಿಂದ ಬಿದ್ದ ಮೊಣಕಾಲು,
ಅದಕ್ಕೆ ಚಿತ್ರಕಥೆ ಓದಿ ಹೇಳಿದವರು ಯಾರು?

ರಬ್ಬರಿನೊಳಗೆ ಬೆವರು ಬೂಟಿಗಿಳಿದು
ಹೆಜ್ಜೆ ಹೆಜ್ಜೆಗೂ ಪಚಪಚ.
ಕಣ್ಣಿಗೆ ಒಂದು ಬೆರಳಗಲದ ಸೀಳು. ಅದರಲ್ಲಿ ಕಂಡದ್ದು
ಮುಂದಿನ ರಾಕ್ಷಸನ ಬೆನ್ನಿನ ಜಿಪ್ಪು,
ಜಿಪ್ಪಿನ ಹಲ್ಲಿಗೆ ಸಿಕ್ಕಿದ ಅವನ ಹೂವಿನಂಗಿಯ ಚುಂಗು.
ಆರು ದಿನ ಅದನ್ನೇ ನೋಡುತ್ತ
ಲೋಕ ನಾಶ ಮಾಡಿದೆ.

ಡಿಸೆಂಬರ್ ಇಪ್ಪತ್ತೈದು. ನನ್ನದು ರಾತ್ರಿ ಪಾಳಿ,
ಮುದುಕರ ಆರೈಕೆಮನೆಯ ಎರಡನೆಯ ಮಹಡಿ, ದುಪ್ಪಟ್ಟು ಸಂಬಳ.
ಟರ್ಕಿ ಕೋಳಿಯನ್ನು ಮಿಕ್ಸಿಯಲ್ಲಿ ಅರೆದು ಉಣಿಸಿ,
ಬೋಳುತಲೆಗಳ ಮೇಲೆ ಕಾಗದದ ಕಿರೀಟ ನೆಟ್ಟಗೆ ಮಾಡಿ,
ಏಳಕ್ಕೆ ಸರಿಯಾಗಿ ಟೀವಿ ಹಚ್ಚಿದೆ.
ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೇನಿದೆ?
ಆರು ದಿನದ ಬೆವರು, ತೆರೆಯ ಮೇಲೆ ನಾಲ್ಕು ಸೆಕೆಂಡು.

ಒಂದೊಂದೇ ಊರು ಮೂಕವಾಯಿತು.
ಗೋಪುರಗಳು ಬಾಯಿ ತೆರೆದು ನಿಂತವು, ಒಳಗೆ ನಾಲಗೆಯಿಲ್ಲ.
ಆ ನಿಶ್ಶಬ್ದದಲ್ಲಿ ಪ್ರದರೋ ಅವರ ಗೊರಕೆ
ತುಂಬ ಜೋರಾಗಿ ಕೇಳಿಸಿತು.
ಆಮೇಲೆ ನಾವು ಬಂದೆವು, ಹಿಮ ತುಳಿಯುತ್ತ,
ದಿಬ್ಬದ ಅಂಚಿನಲ್ಲಿ ಸಾಲಾಗಿ, ಕಪ್ಪಗೆ.

"ಅಗೋ," ಎಂದಳು ಹನ್ನೆರಡನೆಯ ಕೋಣೆಯ ಮಿಸ್ ಬೆಡೋ,
"ನನ್ನ ಮಾತ್ರೆ ತರುವವಳು."

ನನ್ನ ಹೆಸರು ನೆಸ್ಟಾ ಎಂದು
ಮೂರು ವರ್ಷದಿಂದ ದಿನವೂ ಹೇಳಿದ್ದೇನೆ.
ದಿನವೂ ಹೊಸಬಳನ್ನು ಕಂಡಂತೆ ಕೈಕುಲುಕುತ್ತಾಳೆ.
ಕುಂಟದೆ ನಡೆದೆನೆಂದೇ ನಾನು ತಿಳಿದಿದ್ದೆ;
ನಿರ್ದೇಶಕ ತಿಳಿದಿದ್ದ, ಕ್ಯಾಮೆರಾ ತಿಳಿದಿತ್ತು.
ನಿದ್ದೆ ಬಾರದ ರಾತ್ರಿಗಳಲ್ಲಿ ಬಾಗಿಲ ಸಂದಿಗೆ ಕಣ್ಣಿಟ್ಟು
ಓಣಿಯ ದೀಪದಲ್ಲಿ ನನ್ನ ನೆರಳು ಬರುವುದನ್ನು
ಅವಳು ಎಷ್ಟು ಸಲ ನೋಡಿರಬೇಕು!

ಎಲ್ಲರೂ ನಕ್ಕರು. ನಾನೂ.
ಕಡೆಗೆ ಲೋಕ ಉಳಿಯಿತು (ಹಬ್ಬದ ದಿನ ಉಳಿಯಲೇಬೇಕು),
ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು,
ಹೆಸರುಗಳು ಮೇಲಕ್ಕೇರಿದವು. ನನ್ನದಿರಲಿಲ್ಲ.

ಮಲಗಿಸಿ ಹೊದಿಕೆ ಎಳೆಯುವಾಗ ಮಿಸ್ ಬೆಡೋ
ತಲೆದಿಂಬಿನಡಿ ತಡಕಿ
ನಮ್ಮನ್ನು ಕರೆಯಲೆಂದು ಕೊಟ್ಟಿದ್ದ ಹಿತ್ತಾಳೆಯ ಪುಟ್ಟ ಗಂಟೆ ತೆಗೆದು
ಸದ್ದಾಗದ ಹಾಗೆ ನಾಲಗೆ ಹಿಡಿದು
ನನ್ನ ಅಂಗೈಯಲ್ಲಿಟ್ಟಳು.
"ತಗೋ. ಅಷ್ಟು ದೂರದಿಂದ ಬಂದಿದ್ದೀ,
ಹಸಿದಿರಬೇಕು."

ಹಿಂದಕ್ಕೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ಹನ್ನೆರಡನೆಯ ಕೋಣೆಯಿಂದ ಕರೆ ಬರುವಂತಿರಲಿಲ್ಲ,
ಗಂಟೆ ನನ್ನ ಜೇಬಿನಲ್ಲಿತ್ತು.
ಗಂಟೆಗೊಮ್ಮೆ ಹೋಗಿ ಇಣುಕಿ ಬಂದೆ,
ಕುಂಟುತ್ತ,
ಬೇಕೆಂದೇ ಸ್ವಲ್ಪ ಹೆಚ್ಚು.