ಕೆರಿಯಮ್ಮನ ಎಳೆ

ಪಾಲುಪತ್ರಕ್ಕೆ ವಂಶಾವಳಿ ಬೇಕಂತೆ.
"ನಿನಗೆ ಬಿಡುವಿದೆ ಅಕ್ಕ, ನೀನೇ ಬರೆ" ಅಂದ ಪರಶುರಾಮ.
ಬಿಡುವು ಅಂದರೇನೆಂದು ಇಬ್ಬರಿಗೂ ಗೊತ್ತು.
ನಾಲ್ಕು ಹಾಳೆ ಅಂಟಿಸಿ, ಸ್ಕೇಲು ಹಿಡಿದು ಕೂತೆ.

ಮೇಲೆ ಮುತ್ತಜ್ಜ ಚೌಡಪ್ಪ.
ಅವನಿಂದ ಐದು ಗೆರೆ. ಮೂರು ಕವಲೊಡೆದು ನಮ್ಮ ತನಕ,
ಎರಡು ಅಲ್ಲೇ ನಿಂತವು.

ಗುತ್ಯಪ್ಪ: ಎರಡು ಮದುವೆ, ಮಕ್ಕಳಿಲ್ಲ.
ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದನಂತೆ,
ಕೊಟ್ಟ ಸಾಲ ಮರೆಯುತ್ತಿದ್ದನಂತೆ.
ಎರಡನೆಯವಳ ಹೆಸರು ಯಾರಿಗೂ ನೆನಪಿಲ್ಲ,
ಬಿಳಗಿ ಕಡೆಯವಳು ಅಂತಾರೆ. ಹಾಗೇ ಬರೆದೆ.

ಕೆರಿಯಮ್ಮ: ಮದುವೆಯಾಗಲಿಲ್ಲ.
ಯಾಕೆ ಅಂದರೆ ಅತ್ತೆಯಂದಿರಲ್ಲಿ ಮೂರು ಉತ್ತರ.
ಕಾಲು ಎಳೆಯುತ್ತಿದ್ದಳು ಅಂತ ಒಬ್ಬರು,
ನೋಡೋಕೆ ಬಂದವರ ಮುಂದೆ ನಕ್ಕುಬಿಟ್ಟಳು ಅಂತ ಇನ್ನೊಬ್ಬರು.
ಮೂರನೆಯವರು ಎಲೆಗೆ ಸುಣ್ಣ ಹಚ್ಚುತ್ತಾ
"ಆಗ ಮನೇಲಿ ಕೆಲಸ ಬಾಳ ಇತ್ತು" ಅಂದರು, ಅಷ್ಟೇ.

ಉಳವಿ ನಾಡಕಚೇರಿಯಲ್ಲಿ ವಿಎ
ಹಾಳೆ ತಿರುಗಿಸಿ ನೋಡಿದರು.
"ಇವರಿಬ್ಬರ ಮುಂದೆ ನಿಸ್ಸಂತಾನ ಫೌತಿ ಅಂತ ಹಾಕಿ.
ಬಿಟ್ಟರೂ ನಡೆಯುತ್ತೆ, ಹಕ್ಕುದಾರರಿಲ್ಲವಲ್ಲ."
ಹಾಕಿದೆ. ಪೆನ್ನು ಅವರದ್ದೇ, ದಾರಕ್ಕೆ ಕಟ್ಟಿತ್ತು.
ಆಮೇಲೆ ನನ್ನ ಹೆಸರಿನ ಕೆಳಗಿನ ಬಿಳಿಯ ಮೇಲೆ ಬೆರಳಿಟ್ಟು
"ಇದು?" ಅಂದರು.
"ಹಾಜರಿದ್ದೇನೆ" ಅಂದೆ.

ಸಣ್ಣತ್ತೆಯ ಟ್ರಂಕಿನ ತಳದಲ್ಲಿ
ಅಪ್ಪನ ಮದುವೆಯ ಫೋಟೋ.
ಹದಿನೇಳು ಜನ, ಎಣಿಸಿದೆ. ಕೆರಿಯಮ್ಮ ಇಲ್ಲ.
ಹಿಂದೆ ಗೋಡೆ ಇದೆ.

ಕೆಮ್ಮಣ್ಣು ಬಳಿದ ಗೋಡೆಗೆ ಹಸೆ ಚಿತ್ತಾರ.
ಪುಂಡಿನಾರಿನ ಕುಂಚ, ಅಕ್ಕಿಹಿಟ್ಟಿನ ಬಿಳಿ,
ಗುರಿಗೆ ಕಾಯಿಯ ಹಳದಿ ಈ ಕಪ್ಪುಬಿಳುಪಲ್ಲಿ ಬರೀ ಬೂದಿ.
ಗೊಂಬೆಗಳ ಸಾಲು, ನಡುವೆ ಗಂಡು ಹೆಣ್ಣು.
ಒಂದು ಮೂಲೆಯನ್ನು ಅಪ್ಪನ ಪೇಟ ಮುಚ್ಚಿದೆ.

"ಊರ ಮದುವೆಗೆಲ್ಲ ಅವಳೇ ಬರೀತಿದ್ದಳು.
ಮೂರು ದಿನ ಮುಂಚೆ ಬಂದು ಅಕ್ಕಿ ನೆನೆಸೋಳು.
ಧಾರೆ ಹೊತ್ತಿಗೆ ಕೊಟ್ಟಿಗೆ ಕಡೆ ಹೋಗಿಬಿಡೋಳು,
ಕೈ ತೊಳೆಯೋಕೆ."

ಭೂತಗನ್ನಡಿ ಹಿಡಿದೆ.
ಎಡಗಡೆ ಅಂಚಿನಲ್ಲಿ ಒಂದು ಎಳೆ ತುಸು ಅಲುಗಿದೆ,
ಅಲ್ಲೇ ಸಾವರಿಸಿಕೊಂಡು ಮತ್ತೆ ನೆಟ್ಟಗೆ ಹೋಗಿದೆ.
ಯಾರೋ ಕರೆದಿರಬೇಕು.
"ಬಂದೆ" ಅಂದಿರಬೇಕು, ತಿರುಗದೆ.

ಮನೆಯ ಪ್ರತಿಯಲ್ಲಿ, ಕಚೇರಿಯದರಲ್ಲಲ್ಲ,
ಅವಳ ಹೆಸರಿನಿಂದ ಗೆರೆ ಹೊರಡಿಸಿದೆ.
ಕೆಳಕ್ಕಲ್ಲ, ಅಡ್ಡಡ್ಡ:
ಅಪ್ಪ ಅವ್ವನ ನಡುವಿನ ಜೋಡಿಗೆರೆಗೆ,
ಸಣ್ಣತ್ತೆ ಮಾವನದಕ್ಕೆ, ದೊಡ್ಡಪ್ಪನದಕ್ಕೆ,
ಅವಳು ಗೋಡೆ ಬರೆದ ಹನ್ನೊಂದು ಮದುವೆಗೆ.
ಹಾಳೆ ಗೋಜಲಾಯಿತು.

"ಯಾರು ಯಾರ ಮಕ್ಕಳು ಅಂತ ಹೇಗೆ ಗೊತ್ತಾಗ್ಬೇಕು ಇದ್ರಲ್ಲಿ?"
ಪರಶುರಾಮ ರಬ್ಬರು ಹುಡುಕಿದ.
ಅದು ಅವನ ಮಗಳ ಮುಷ್ಟಿಯಲ್ಲಿತ್ತು. ಕೊಡಲಿಲ್ಲ.
"ಅತ್ತೆ," ಅಂದಳು, ಪೆನ್ಸಿಲು ನೆಕ್ಕುತ್ತಾ,
"ಗುತ್ಯಪ್ಪಜ್ಜನ ಹತ್ರ ಒಂದು ಎತ್ತು ಬರೀಲಾ?"