ತಿಕ್ಕಿದವಳು

ಸೇಲಂ ಬಂದರಿನಲ್ಲಿ ಕಪ್ತಾನ ಕ್ರೋವೆಲ್
ಚೀಲ ಬೋರಲು ಹಾಕಿ, ಸ್ಪೇನಿನ ನಾಣ್ಯ ಕರಗಿಸಿ
ಮಾಡಿಸಿದ ಚಹಾಪಾತ್ರೆ:
ಗ್ರೀಕರ ಕಂಬದ ಹಾಗೆ ಮೈತುಂಬ ಉದ್ದುದ್ದ ಗೀರು,
ನೆಟ್ಟಗಿನ ಮೂತಿ, ಮುಚ್ಚಳದ ತುದಿಗೊಂದು ಅನಾನಸು.
ಹೊಟ್ಟೆಯ ಮೇಲೆ ಹೆಂಡತಿಯ ಎರಡಕ್ಷರ,
ಬಳ್ಳಿ ಸುತ್ತಿ.

ಹಿಡಿ ಮಾತ್ರ ಮರದ್ದು. ಬೆಳ್ಳಿ ಸುಡುತ್ತದೆ.

ಶನಿವಾರ ಶನಿವಾರ ಡಾರ್ಕಸ್
ಸುಣ್ಣದ ಪುಡಿ, ಹಳೆ ಫ್ಲಾನೆಲ್ ಚೂರು ಹಿಡಿದು ಕೂರುವಳು.
ಹೊಳೀಬೇಕು ಅಂದಿದ್ದರು ಅಮ್ಮಾವ್ರು.
ಹೊಳೆಸಿದಳು, ಮೂವತ್ತೊಂದು ವರ್ಷ.
ಆಮೇಲೆ ಅವಳ ಮಗಳು.

ಈಗ ಬಾಸ್ಟನ್ನಿನ ಹರಾಜಿನವನು
ದೀಪದಡಿ ಓರೆ ಮಾಡಿ ನೋಡಿ
ಬರೆದುಕೊಳ್ಳುತ್ತಾನೆ: ಸುಸ್ಥಿತಿ.
ಒಡತಿಯ ಅಕ್ಷರ ಸವೆದಿದೆ, ಓದಲಾಗದು.

ಹಿಡಿಯ ಮೇಲ್ಗಡೆ, ಮರದಲ್ಲಿ,
ಹೆಬ್ಬೆರಳಗಲ ಒಂದು ತಗ್ಗು.
ಅದನ್ನವನು ಬರೆಯಲಿಲ್ಲ.
ಬೆರಳು ಮಾತ್ರ ತಾನಾಗಿ ಅಲ್ಲೇ ಹೋಗಿ ಕೂತಿತು.