ಸ್ಕೋನ್‌ನಲ್ಲಿ ಬೆಲೆ ಕಟ್ಟುವುದು

ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರು, ಅಂದ ಟಿಂಡೇಲ್,
ಅಂದು, ಕೈಗವಸು ಕಳಚಿ, ಬೆರಳಿಗೆ ಬಿಸಿ ಉಸಿರು ಊದಿಕೊಂಡ.
ಹಂಟರ್ ಕಣಿವೆಯಲ್ಲಿ ಜೂನ್ ತಿಂಗಳ ಬೆಳಗು.
ಹುಲ್ಲಿನ ಮೇಲೆ ಇಬ್ಬನಿ ಗಾಜಾಗಿತ್ತು.
ಅಂಗಳಕ್ಕೆ ಬಂತು ಕುದುರೆ: ಬ್ರಾಸ್ ಲ್ಯಾಂಟರ್ನ್,
ನಾಲ್ಕು ವರ್ಷ, ಕಂದು ಮೈ, ಹದಿನೇಳು ಓಟ, ಏಳು ಗೆಲುವು,
ಎಡ ಮುಂಗಾಲ ಗೆಣ್ಣಿನಲ್ಲಿ ಕೂದಲೆಳೆಯಷ್ಟು ಬಿರುಕು.
ಇನ್ನು ಓಡಲಾರ.
ಓಡಲಾರದ್ದರಿಂದಲೇ ಈಗ ಈ ಬೆಲೆ.

ನನ್ನನ್ನು ಕರೆಸಿದ್ದು ಕೊಳ್ಳುವವರು.
ಹದಿನಾರು ಪಾಲುದಾರರು, ಒಬ್ಬರಿಗೂ ಗೊರಸು ಎತ್ತಿ ಗೊತ್ತಿಲ್ಲ.
ನಾನು ಎತ್ತಿದೆ. ಕುಣಿಗಲ್ಲಿನ ಲಾಯದಲ್ಲಿ
ದಾದಾಪೀರ್ ಸಾಬರು ಕಲಿಸಿದ ಹಾಗೆ:
ಮೊದಲು ಕಾಲು, ಆಮೇಲೆ ಕಣ್ಣು, ಕೊನೆಗೆ ಮಾತು.
"ಸುಳಿ ನೋಡು, ಸುಳಿಯೊಳಗೆ ಬೀಳಬೇಡ" ಅನ್ನುತ್ತಿದ್ದರು.
ಹಣೆಯಲ್ಲೊಂದು ಸುಳಿ, ತುಸು ಎಡಕ್ಕೆ,
ಮಗು ಬೆರಳದ್ದಿ ತಿರುಗಿಸಿ ಬಿಟ್ಟಂತೆ.

ರಾತ್ರಿ ಮೋಟೆಲಿನಲ್ಲಿ ಲೆಕ್ಕ.
ಒಂದು ಹೆಣ್ಣಿಗೆ ಇಪ್ಪತ್ತೆರಡು ಸಾವಿರ.
ಋತುವಿಗೆ ನೂರಿಪ್ಪತ್ತು ಹೆಣ್ಣು; ಗಬ್ಬ ನಿಂತು, ಇಳಿದು,
ಕಾಲ ಮೇಲೆ ಎದ್ದು ಮೊಲೆ ಹುಡುಕುವ ಮರಿ ತೊಂಬತ್ತು.
ಎದ್ದು ನಿಂತ ಮರಿಗಷ್ಟೇ ದುಡ್ಡು, ಅದು ಮಾತು.
ವರ್ಷಕ್ಕೆ ಹತ್ತೊಂಬತ್ತು ಲಕ್ಷದ ಎಂಬತ್ತು ಸಾವಿರ.
ವಿಮೆ ಕಳೆ. ಮೇವು ಕಳೆ.
ಎರಡನೆಯ ವರ್ಷ ಅರ್ಧ ಜನ ಹೊಸ ಗಂಡಿನ ಕಡೆ ಹೊರಳುತ್ತಾರೆ, ಅದೂ ಕಳೆ.
ಮೂರನೆಯ ವರ್ಷ ಫೋನೇ ಬರುವುದಿಲ್ಲ.
ನಾಲ್ಕನೆಯ ವರ್ಷ ಮಕ್ಕಳು ಓಡುತ್ತವೆ,
ಆಗ ತಿಳಿಯುತ್ತದೆ ಇವನು ಅಪ್ಪನೋ, ಬರೀ ಗಂಡೋ.
ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುವುದನ್ನು
ಗಾದೆ ಮಾಡಿ ನಕ್ಕವರು ನಾವು.
ಇಲ್ಲಿ ಕುಲಾವಿಗೆ ಬ್ಯಾಂಕು ಸಾಲ ಕೊಡುತ್ತದೆ.

ಮರುದಿನ ಯಾರಿಗೂ ಹೇಳದೆ ಮಸಲ್‌ಬ್ರೂಕಿಗೆ ಹೋದೆ.
ಅಲ್ಲಿದ್ದಾನೆ ಇವನ ಅಣ್ಣ. ಅದೇ ಅಪ್ಪ, ಅದೇ ಅವ್ವ,
ಎರಡು ವರ್ಷ ದೊಡ್ಡವ. ಮೂರು ಓಟ, ಮೂರರಲ್ಲೂ ಕೊನೆ.
ಬೀಜ ತೆಗೆಸಿ, ಎಂಟುನೂರು ಡಾಲರಿಗೆ ಮಾರಿದ್ದರು.
ಹೆಸರು ಈಗ ಬಿಸ್ಕೆಟ್.
ಬೆನ್ನ ಮೇಲೆ ಹಲ್ಲು ಬಿದ್ದ ಹುಡುಗಿಯೊಬ್ಬಳು,
ಹೆಲ್ಮೆಟ್ಟು ಹುಬ್ಬಿನ ತನಕ ಜಾರಿತ್ತು.
ಹಣೆಯಲ್ಲಿ ಅದೇ ಸುಳಿ, ಎಡಕ್ಕೆ.
ಅದೇ ಭುಜದ ಇಳಿಜಾರು. ನಡೆದರೆ ಹಿಂಗಾಲಿನ ಅದೇ ದಾಪು.
ಬೇಲಿ ಹಿಡಿದು ನಿಂತೆ.
ಇವರಿಬ್ಬರ ನಡುವಿನ
ಒಂದು ಕೋಟಿ ಹತ್ತೊಂಬತ್ತು ಲಕ್ಷ
ತೊಂಬತ್ತೊಂಬತ್ತು ಸಾವಿರದ ಇನ್ನೂರು ಡಾಲರು
ಎಲ್ಲಿದೆ?
ಎದೆಗೂಡಿನಲ್ಲೇ? ಕೊನೆಯ ಇನ್ನೂರು ಮೀಟರಿನಲ್ಲಿ
ಪಕ್ಕದವನ ಕಣ್ಣು ಕಂಡೂ ಬಗ್ಗದ ಹಟದಲ್ಲೇ?
ಹಟ ಬೀಜದಲ್ಲಿ ಇಳಿಯುತ್ತದೆಯೇ?
ಬಿಸ್ಕೆಟ್ ನನ್ನ ಜೇಬು ಮೂಸಿದ. ಏನೂ ಇರಲಿಲ್ಲ.

ಸಂಜೆ ಲಾಯಕ್ಕೆ ಮರಳಿದರೆ ಗ್ಲೆನಿಸ್,
ಮೂರು ವರ್ಷದಿಂದ ಇವನ ಮೈ ಉಜ್ಜುವವಳು,
ನಾನು ಕೇಳದೆಯೇ ಅಂದಳು:
"ಒಂಟಿಯಾಗಿ ಓಡಿಸಿದ್ರೆ ಇವ್ನು ನಡೆದೇ ಬಿಡ್ತಾನೆ.
ಪಕ್ಕದಲ್ಲಿ ಇನ್ನೊಂದು ಉಸಿರು ಕೇಳ್ಬೇಕು ಇವ್ನಿಗೆ.
ರಾತ್ರಿ ರೇಡಿಯೊ ಆರಿಸಿದ್ರೆ ಮೇವು ಮುಟ್ಟಲ್ಲ."
ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ.
ಮೂಳೆಗಿದೆ, ಗಂಟಲಿಗಿದೆ, ವೀರ್ಯಕ್ಕೆ ಒಂದು ಪುಟವೇ ಇದೆ.

ಬರೆದೆ: ನಲವತ್ತೆಂಟು ಲಕ್ಷ. ಮೇಲೊಂದು ಬಿಡಿಕಾಸು ಬೇಡ.
ಟಿಂಡೇಲ್ ಓದಿ ನಕ್ಕ.
"ನೀನು ಕುದುರೆ ನೋಡಿದೆ ಮಾರಾಯ, ಸಂತೆ ನೋಡಲಿಲ್ಲ."
ಇರಬಹುದು. ಬುಧವಾರ ಬೇರೆ ಯಾರೋ ತೊಂಬತ್ತಕ್ಕೆ ಕೊಂಡರು.
ಹದಿನಾರು ಜನ ನನ್ನ ಮೇಲೆ ಮುನಿದರು.
ಯಾರು ಗೆದ್ದರು ಎಂದು ತಿಳಿಯಲು ನಾಲ್ಕು ವರ್ಷ ಇದೆ,
ಅಷ್ಟರೊಳಗೆ ನನ್ನ ಮಂಡಿಯೂ ಹೋಗಿರುತ್ತದೆ.

ಲಾರಿ ಹತ್ತುವ ಹಲಗೆಯ ಮೇಲೆ ಅವನು ತಡೆದ,
ಕಿವಿ ಹಿಂದಕ್ಕೆ, ಮುಂದಕ್ಕೆ.
ಗ್ಲೆನಿಸ್ ಚಾಲಕನ ಮಡಿಲಿಗೆ ರೇಡಿಯೊ ಇಟ್ಟಳು,
ಎರಡು ಜೊತೆ ಬ್ಯಾಟರಿ.
ಯಾವ ಸ್ಟೇಷನ್ ಎಂದು
ಟೇಪು ಅಂಟಿಸಿ, ದೊಡ್ಡ ಅಕ್ಷರದಲ್ಲಿ ಬರೆದಿದ್ದಳು.